ಬಾಯಿಬಡುಕಿಯ ನೀರು

ಏಪ್ರಿಲ್ 2, ಬೆಳಿಗ್ಗೆ

ಬಾಟಲಿ ಕುದಿಸಿಟ್ಟೆ. ಫಿಲ್ಟರ್ ನೀರು ಕಾಯಿಸಿ ಆರಲು ಇಟ್ಟೆ. ಗುಂಡ ಅರ್ಧ ಕುಡಿದು ಮುಖ ತಿರುಗಿಸಿದ. ಮತ್ತೆ. ಐದು ತಿಂಗಳಾಯಿತು, ತೂಕ ಹೋದ ತಿಂಗಳು ಇದ್ದಲ್ಲೇ ನಿಂತಿದೆ. ಗುಂಡ ಎಂದು ಕರೆಯುವುದು ಅತ್ತೆ. ಗುಂಡಗಿರುವುದು ಹೆಸರು ಮಾತ್ರ. ನನ್ನ ಹಾಲು ಸಾಲದೆ ಡಬ್ಬಿ ಹಾಲಿಗೆ ಬಂದೆವು. ಅದೂ ಬೇಡವೆಂದರೆ...

ಬಾಯಿಬಡುಕಿಯ ತಟ್ಟೆಗೂ ಅದೇ ಫಿಲ್ಟರ್ ನೀರು ಹಾಕಿದೆ. ಹೊಸ ಎಲೆ ಎರಡು ಬಂದಿವೆ.

ಅದು ವೀನಸ್ ಫ್ಲೈಟ್ರಾಪ್. ನೊಣ ಹಿಡಿದು ತಿನ್ನುವ ಗಿಡ. ಬಾಟನಿ ಓದುವಾಗ ಕೊಂಡದ್ದು. ಈ ಮನೆಯಲ್ಲಿ ನನ್ನದು ಎನ್ನಬಹುದಾದ್ದು ಅದೊಂದೇ. ಮೈಯೆಲ್ಲ ಬಾಯಿ, ಒಂದು ಮಾತಿಲ್ಲ. ಹೆಸರಿಟ್ಟವರು ಅತ್ತೆಯೇ. "ಇದು ನಿನ್ನ ಥರ ಅಲ್ಲ ಕಣೇ. ಬಾಯಿ ಇದ್ರೂ ಸುಮ್ನಿರುತ್ತೆ" ಎಂದಿದ್ದರು. ತಮಾಷೆಯಂತೆ.

ಏಪ್ರಿಲ್ 5

ಮಧ್ಯಾಹ್ನ ಕಣ್ಣು ಹತ್ತಿತು. ಒಂದು ವಾರದಲ್ಲಿ ಮೊದಲ ಸಲ. ಎದ್ದಾಗ ಫಿಲ್ಟರ್ ರಿಪೇರಿಯವನು ಬಂದು ಹೋಗಿದ್ದ. ಸರ್ವಿಸ್ ಅಂತೆ. ಇವರು ರಜೆ ಹಾಕಿ ಮನೆಯಲ್ಲೇ ಇದ್ದರು. ಫಿಲ್ಟರ್ ಸರ್ವಿಸ್‌ಗೆ ಯಾರಾದರೂ ರಜೆ ಹಾಕುತ್ತಾರೆಯೇ?

ಏಪ್ರಿಲ್ 11

ಗುಂಡ ಇಡೀ ಬಾಟಲಿ ಕುಡಿಯುತ್ತಿದ್ದಾನೆ. ನಾಲ್ಕು ದಿನದಿಂದ. ಸಂತೋಷಪಡಬೇಕು.

ಆದರೆ ಯಾಕೆ? ಡಬ್ಬಿ ಅದೇ, ಚಮಚ ಅದೇ. ಹಾಲು ಕಲಸುವವರು ಮಾತ್ರ ಅತ್ತೆ — "ನೀನು ಸ್ವಲ್ಪ ಮಲಕ್ಕೋ" ಎಂದು ಕೆಲಸ ಕಿತ್ತುಕೊಂಡಿದ್ದಾರೆ. ಸಕ್ಕರೆ ಹಾಕುತ್ತಿದ್ದಾರೆಯೇ? ಉಳಿದ ಹನಿ ನೆಕ್ಕಿ ನೋಡಿದೆ. ಸಿಹಿಯೇ. ಡಬ್ಬಿ ಹಾಲು ಮೊದಲೂ ಸಿಹಿಯೇ ಇತ್ತೇ? ನೆನಪಿಲ್ಲ. ಹೆತ್ತ ತಾಯಿಗೆ ಮಗು ಕುಡಿಯುವ ಹಾಲಿನ ರುಚಿ ಗೊತ್ತಿಲ್ಲ.

ಏಪ್ರಿಲ್ 19

ಬಾಯಿಬಡುಕಿಯ ಹೊಸ ಎಲೆ ಬಿಚ್ಚುವ ಮೊದಲೇ ಕಪ್ಪಾಗಿದೆ. ಹಳೇ ಎಲೆ ಕಪ್ಪಾಗುವುದು ಸಹಜ, ಹೊಸದು ಅಲ್ಲ. ತಟ್ಟೆಯ ಅಂಚಿಗೆ ತೆಳ್ಳಗೆ ಬಿಳಿ ಪುಡಿ ಕಟ್ಟಿದೆ. ಜೌಗುನೆಲದ ಗಿಡ, ಸಾರವಿಲ್ಲದ ನೀರೇ ಬೇಕು. ಉಪ್ಪಿನಂಶ ಸೇರಿದರೆ ಬೇರು ಸುಡುತ್ತದೆ. ಅದಕ್ಕೇ ನಲ್ಲಿ ನೀರು ಹತ್ತಿರ ಸೇರಿಸಿಲ್ಲ ನಾನು. ಅಂದರೆ ಬೇರೆ ಯಾರೋ ಸೇರಿಸಿದ್ದಾರೆ.

ಅಡುಗೆಮನೆಯಲ್ಲಿ ತಾಯಿ ಮಗ ಪಿಸುಗುಟ್ಟುತ್ತಿದ್ದರು. ನಾನು ಕಾಲಿಟ್ಟ ಕೂಡಲೇ ಇವರು ಫ್ರಿಜ್ ತೆಗೆದು ಒಳಗೆ ತಲೆ ಹಾಕಿದರು. ಫ್ರಿಜ್ ಖಾಲಿ ಇತ್ತು.

ಏಪ್ರಿಲ್ 20

ಕೇಳಿಯೇಬಿಟ್ಟೆ. "ಅತ್ತೆ, ಗಿಡಕ್ಕೆ ಏನಾದ್ರೂ ಹಾಕಿದ್ರಾ?"

"ಅಯ್ಯೋ, ನಾನ್ಯಾಕೆ ಅದರ ಸುದ್ದಿಗೆ ಹೋಗ್ಲಿ? ಬೆರಳು ಕಚ್ಚಿದ್ರೆ?" ಅಂದರು. ಒಂದು ಕ್ಷಣ ಬಿಟ್ಟು, "ಮಗು ಹಾಲಿಗೂ ನಾನೇನೂ ಹಾಕಿಲ್ಲಮ್ಮ."

ಹಾಲಿನ ಮಾತು ನಾನು ಎತ್ತಿರಲೇ ಇಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನೀರು ಅಳೆಯುವ ಮೀಟರ್ ಆರ್ಡರ್ ಮಾಡಿದೆ. ಯಾರಿಗೂ ಹೇಳಿಲ್ಲ.

ಏಪ್ರಿಲ್ 24

ಮೀಟರ್ ಬಂತು. ಥರ್ಮಾಮೀಟರಿನಷ್ಟೇ ಇದೆ. ನೀರಿಗೆ ಅದ್ದಿದರೆ ಎಷ್ಟು ಉಪ್ಪು ಕರಗಿದೆಯೆಂದು ತೋರಿಸುತ್ತದೆ. ಅತ್ತೆ ಬಗ್ಗಿ ನೋಡಿ, "ಏನೇ, ಗಿಡಕ್ಕೂ ಜ್ವರವಾ?"

ನಲ್ಲಿ ನೀರು: 460. ಸರಿ, ಗೊತ್ತಿದ್ದದ್ದೇ.

ಬಾಯಿಬಡುಕಿಯ ತಟ್ಟೆಯಲ್ಲಿ 170. ಮನಸ್ಸಿನಲ್ಲೇ ಅತ್ತೆಯನ್ನು ಹಿಡಿದುಹಾಕಿಬಿಟ್ಟೆ. ಯಾವುದಕ್ಕೂ ಇರಲಿ ಎಂದು ಫಿಲ್ಟರ್ ನೀರಿಗೂ ಅದ್ದಿದೆ.

140.

ಫಿಲ್ಟರ್ ಸರಿಯಿದ್ದರೆ ಇಪ್ಪತ್ತು ಮೀರಬಾರದು. ತೊಳೆದು ಮತ್ತೆ ಅದ್ದಿದೆ. 140. ಗಿಡಕ್ಕೆ ಯಾರೂ ಏನೂ ಹಾಕಿಲ್ಲ. ಹಾಕಿದ್ದು ನಾನೇ, ದಿನಾ ಬೆಳಿಗ್ಗೆ, ಫಿಲ್ಟರಿನಿಂದ. ಇದೇ ನೀರು ಗುಂಡನ ಬಾಟಲಿಗೂ... ಗಿಡವನ್ನು ಸಾಯಿಸುತ್ತಿರುವ ನೀರನ್ನು ನನ್ನ ಮಗು ಕುಡಿಯುತ್ತಿದೆ.

ಏಪ್ರಿಲ್ 25

ರಿಪೇರಿಯವನಿಗೆ ಫೋನ್ ಮಾಡಿದೆ. "ಡೂಪ್ಲಿಕೇಟ್ ಪಾರ್ಟ್ ಹಾಕಿ ಹೋಗಿದೀಯಾ?" ಎಂದೆ. ದನಿ ಏರಿತ್ತು.

"ಮೇಡಂ, ನನ್ ಮೇಲ್ಯಾಕ್ ರೇಗ್ತೀರಾ? ಸಾರ್ ಹೇಳಿದ್ರು, ಸ್ಕ್ರೂ ತಿರುಗಿಸ್ದೆ. ನಲ್ಲಿ ನೀರು ಸ್ವಲ್ಪ ಬೆರೆಯುತ್ತೆ, ರುಚಿ ಬರುತ್ತೆ, ಅಷ್ಟೇ. ಕುಡಿಯೋಕ್ ಏನೂ ತೊಂದ್ರೆ ಇಲ್ಲ. ನಿಮ್ಗೆ ಹೇಳಿಲ್ವಾ?"

ಇಲ್ಲ. ನನಗೆ ಹೇಳಿಲ್ಲ.

ಅದೇ ದಿನ, ಸಂಜೆ

ಇವರು ಚಪ್ಪಲಿ ಬಿಡುವ ಮುಂಚೆಯೇ ಮೀಟರ್ ತೋರಿಸಿದೆ.

"ಅಮ್ಮ ಹೇಳಿದ್ರು ಕಣೆ. ನೀರು ಸಪ್ಪೆ ಇದೆ, ಅದಕ್ಕೇ ಮಗು ಕುಡೀತಿಲ್ಲ ಅಂತ."

"ನನಗ್ಯಾಕ್ರೀ ಹೇಳಲಿಲ್ಲ?"

"ಹೇಳಿದ್ರೆ ಮೂರು ದಿನ ಮೊಬೈಲಲ್ಲಿ ಓದ್ತಾ ಕೂರ್ತಿದ್ದೆ. ಮೊದ್ಲೇ ನಿದ್ದೆ ಇಲ್ಲ."

ನಿಜ. ಕೂರುತ್ತಿದ್ದೆ. ಅದಕ್ಕೇ ಇನ್ನಷ್ಟು ಉರಿಯಿತು. ನನ್ನ ಮಗುವಿನ ಬಾಯಿಗೆ ಹೋಗುವ ನೀರನ್ನು ನಾನು ಮಲಗಿರುವಾಗ ಬದಲಿಸುವ ಮನೆ ಇದು. ಇನ್ನೇನೇನು ಬದಲಾಗಿದೆಯೋ?

ಅತ್ತೆ ಬಟ್ಟೆ ಮಡಿಸುತ್ತಿದ್ದರು. ಮಡಿಸಿದ್ದನ್ನೇ ಮತ್ತೆ ಬಿಚ್ಚಿ ಮಡಿಸಿದರು.

ಏಪ್ರಿಲ್ 28

ಡಾಕ್ಟರ್ ಹತ್ತಿರ ಹೋಗಿದ್ದೆವು. ತೂಕ ಏರಿದೆ. "ನೀರಿಂದಾನೇ ಅಂತ ಹೇಳಕ್ಕಾಗಲ್ಲಮ್ಮ. ನೆಗಡಿಗೆ ಮೂಗು ಕಟ್ಟಿತ್ತು, ಈಗ ಕಮ್ಮಿಯಾಗಿದೆ, ಕುಡೀತಾನೆ. ನೀರು ಕಾಯಿಸಿ ಕೊಡ್ತಿದೀರಲ್ಲ, ಸಾಕು" ಎಂದರು.

ಹಾಗಿದ್ದರೆ ಸ್ಕ್ರೂ ಮೊದಲಿನಂತೆ ತಿರುಗಿಸಬಹುದು. ಗಿಡ ಉಳಿಯುತ್ತದೆ. ಇವರು "ಕರೆಸಲಾ ಅವನನ್ನ?" ಎಂದು ಕೇಳಿದರು. ಬೇಡ ಎಂದೆ. ನೀರಿನಿಂದಲೇ ಕುಡಿಯುತ್ತಿದ್ದರೆ? ಪರೀಕ್ಷೆ ಮಾಡಿ ನೋಡುವಷ್ಟು ಧೈರ್ಯ ನನಗಿಲ್ಲ.

ಊಟದ ಹೊತ್ತಿಗೆ ಹೇಳಿದೆ, ಯಾರಿಗೆ ಅಂತಲ್ಲ — "ಎಸಿಯಿಂದ ತೊಟ್ಟಿಕ್ಕೋ ನೀರೂ ಆಗುತ್ತೆ ಅದಕ್ಕೆ, ಉಪ್ಪಿರಲ್ಲ. ಆದ್ರೆ ಗುಂಡನ ನೆಗಡಿಗೆ ನಮ್ ರೂಮಲ್ಲಿ ಹಾಕೋ ಹಾಗಿಲ್ಲ. ಹೋದ್ರೆ ಹೋಗ್ಲಿ ಬಿಡಿ, ಗಿಡ ತಾನೇ."

ಅತ್ತೆಯ ಕೋಣೆಯಲ್ಲೂ ಎಸಿ ಇದೆ. ಬಂದಾಗಿನಿಂದ ಒಂದು ದಿನ ಹಾಕಿದವರಲ್ಲ. ಮಂಡಿನೋವು. 'ಐಸ್ ಪೆಟ್ಟಿಗೆ' ಎನ್ನುತ್ತಾರೆ ಅದನ್ನು.

ಮೇ 4

ಅತ್ತೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಾರೆ. ಮಧ್ಯಾಹ್ನವೆಲ್ಲ. ಮೊದಲು ಎಂದೂ ಬಾಗಿಲು ಹಾಕಿದ್ದಿಲ್ಲ. ಒಳಗಿನಿಂದ ಗುಂಯ್ ಎಂಬ ಸದ್ದು. ನನ್ನ ಮೇಲೆ ಮುನಿಸೇ? ಮಗಳಿಗೆ ಫೋನ್ ಮಾಡಿ ನನ್ನ ಪುರಾಣ ಬಿಚ್ಚುತ್ತಿದ್ದಾರೆಯೇ? ಕಿವಿಗೊಟ್ಟೆ. ಒಂದು ಸೀನು ಕೇಳಿಸಿತು, ಅಷ್ಟೇ.

ಮೇ 7

ಫಿಲ್ಟರ್ ನೀರಿನಿಂದ ಬೇರು ಸುಡುವುದು ಬೇಡವೆಂದು ಎರಡು ದಿನ ತಟ್ಟೆಗೆ ನೀರು ಹಾಕಿರಲಿಲ್ಲ. ತಟ್ಟೆ ತುಂಬಿದೆ! ಅಂಚಿನ ಬಿಳಿ ಪುಡಿಯನ್ನೂ ಯಾರೋ ಉಜ್ಜಿ ತೆಗೆದಿದ್ದಾರೆ. ಮೈ ಉರಿಯಿತು. ಮತ್ತೆ ಹೇಳದೆ ಕೇಳದೆ! ಮೀಟರ್ ಅದ್ದಿದೆ. ಈ ಸಲ ಸಾಕ್ಷಿ ಸಮೇತ ಹಿಡಿಯಬೇಕು.

9.

ಮತ್ತೆ ಅದ್ದಿದೆ. 9.

ಬಾಲ್ಕನಿಗೆ ಹೋಗಿ ನೋಡಿದೆ. ಅತ್ತೆಯ ಕೋಣೆಯ ಎಸಿ ಪೈಪಿನ ಕೆಳಗೆ ಗುಂಡನ ಸ್ನಾನದ ಮಗ್. ಟಪ್... ಟಪ್... ಅರ್ಧ ತುಂಬಿತ್ತು. ಮೇಲೆ ಧೂಳು ಬೀಳದಂತೆ ಅವರ ಕರವಸ್ತ್ರ, ರಬ್ಬರ್ ಬ್ಯಾಂಡ್ ಹಾಕಿ ಬಿಗಿದದ್ದು.

ಬಾಗಿಲು ತಟ್ಟದೆ ತಳ್ಳಿದೆ. ಬೇಸಿಗೆಯ ನಡುಮಧ್ಯಾಹ್ನ, ಅತ್ತೆಯ ಮೈಮೇಲೆ ಸ್ವೆಟರ್, ಕಾಲಿಗೆ ಮಗನ ಸಾಕ್ಸ್, ಕಿವಿಗೆ ಮಫ್ಲರ್, ಮಂಡಿಯವರೆಗೆ ರಗ್ಗು. ಮೂಗು ಕೆಂಪಾಗಿತ್ತು. ಸಿಕ್ಕಿಬಿದ್ದ ಕಳ್ಳಿಯ ಮುಖ.

"ಏನ್ ನೋಡ್ತಿದೀಯ? ಬಾಗಿಲು ಹಾಕೇ, ತಂಪೆಲ್ಲ ಆಚೆ ಹೋದ್ರೆ ನಿನ್ ಬಾಯಿಬಡುಕಿಗೆ ನೀರೆಲ್ಲಿಂದ ತರ್ಲಿ?"

ಬಾಗಿಲು ಹಾಕಿದೆ. ಒಳಗಿನಿಂದ. ಅವರು ಸರಿದು ರಗ್ಗಿನ ಅರ್ಧ ನನ್ನ ಕಡೆ ಎಸೆದರು. ಆ ತಂಪಿನಲ್ಲಿ ನನಗೆ ಅಲ್ಲೇ, ಕೂತಲ್ಲೇ ಕಣ್ಣು ಹತ್ತಿತು.