ಅರ್ಧ ಪುರಸಭೆ

ಮಹದಿಯಾ, ಹಳೇ ಪೇಟೆ
ಜೂನ್ 1953, ಮಂಗಳವಾರ

ಪ್ರಿಯ ಬೇಯಾ,

ಕುರ್ಚಿ ಕೊಟ್ಟವರು ಮೇಜನ್ನು ತಮ್ಮ ಕಡೆಗೇ ಎಳೆದುಕೊಂಡಿರುತ್ತಾರೆ ಎಂದಿದ್ದೆಯಲ್ಲ, ಅಥವಾ ಹಾಗೇನೋ. ಮನೆ ಬಿಟ್ಟು ಹೊರಟ ದಿನ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ಹೇಳಿದ ಮಾತು; ನನಗೆ ಸರಿಯಾಗಿ ಕೇಳಿಸಲಿಲ್ಲ. ಈಗ ದಿನವೂ ನಾನೇ ಅದನ್ನು ಪೂರ್ತಿ ಮಾಡಿಕೊಳ್ಳುತ್ತೇನೆ.

ಫ್ರೆಂಚರು ತಮಗೆ ಬೇಕಾದ ತುನೀಸಿಯರನ್ನು ಆರಿಸಿ, ಗೋಡೆಗೊರಗಿಸಿ ಕೂರಿಸುತ್ತಿದ್ದ ಕಾಲ ಮುಗಿಯಿತು, ಇನ್ನು ಪುರಸಭೆಯಲ್ಲಿ ಅರ್ಧ ಅವರು, ಅರ್ಧ ನಾವು, ಅದೂ ಓಟಿನಿಂದ. ಊಟಕ್ಕೆ ಕೂತಾಗಲೆಲ್ಲ ನಾನು ಹೇಳುತ್ತಿದ್ದುದು ಇದನ್ನೇ. ಪೂರ್ತಿ ಸ್ವಾತಂತ್ರ್ಯವೇ ಬೇಕೆನ್ನುವ ನಿಮ್ಮಣ್ಣ ತಾಹರನ ಪಕ್ಷ ಚುನಾವಣೆಗೆ ಬಹಿಷ್ಕಾರ ಹಾಕಿತು. ಆದರೂ ನಾನು ನಿಂತೆ. ಓಟಿನ ದಿನ ನಮ್ಮ ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಗೆದ್ದೆ ಎನ್ನಲು ಈಗಲೂ ನಾಲಿಗೆ ತಡೆಯುತ್ತದೆ.

ಮರುದಿನ ನಮ್ಮ ಮಗಳು ನೆಫೀಸಾ, ಎಲ್ಲರ ಮನೆಯ ರೊಟ್ಟಿ ಬೇಯುವ ಬೀದಿಯ ಒಲೆಯಿಂದ ಹಸಿ ರೊಟ್ಟಿಯ ಹಲಗೆಯನ್ನು ಹಾಗೆಯೇ ಹೊತ್ತು ತಂದಳು. ನಾನೇ ಹೋಗಿ ಕೇಳಿದೆ. "ಬೆಂಕಿ ಆರಿದೆ, ಸೀ ಶಾಜ್ಲಿ," ಎಂದ ಒಲೆಯ ಸ್ಲೀಮಾನ್. ಅವನ ಬೆನ್ನ ಹಿಂದೆ ಬೆಂಕಿ ಧಗಧಗ ಉರಿಯುತ್ತಿತ್ತು. ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಪುರಸಭೇಲೇ ಬೇಯಿಸ್ಕೊಳ್ಳಪ್ಪಾ, ಅಲ್ಲಿ ಬಿಸಿ ಜೋರಂತೆ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗುವಂಥ ಮಾತೇ. ಮನೆಯಲ್ಲಿ ನೀನು ನಗಲಿಲ್ಲ. ಹುಳಿಯುಕ್ಕಿ ಹಲಗೆಯಿಂದ ಇಳಿಯುತ್ತಿದ್ದ ಹಿಟ್ಟನ್ನೇ ನೋಡುತ್ತ ಕೂತೆ, ಸಂಜೆ ಮಗಳ ಕೈ ಹಿಡಿದು ಅಣ್ಣನ ಮನೆಗೆ ಹೊರಟೆ.

ಮೊದಲ ಸಭೆಯಲ್ಲಿ ಹಳೇ ಪೇಟೆಗೆ ನಲ್ಲಿ ನೀರು ಬೇಕೆಂದೆ. ಎಲ್ಲರೂ ಕೈ ಎತ್ತಿದರು, ಫ್ರೆಂಚರೂ. ಫ್ರೆಂಚ್ ಅಧಿಕಾರಿ ರುಜು ಹಾಕುವವರೆಗೆ ಸಭೆಯ ತೀರ್ಮಾನ ಬರೀ ಗಾಳಿ ಎಂಬುದು ಆಮೇಲೆ ತಿಳಿಯಿತು. ಅವನು ಹಾಕಲಿಲ್ಲ. "ಕೈ ಎತ್ತೋದನ್ನ ಚೆನ್ನಾಗಿ ಕಲ್ತಿದೀರಿ, ಮೊಸ್ಯೂ," ಎಂದು ನನ್ನ ಭುಜ ತಟ್ಟಿದ. ಇದನ್ನು ತಾಹರನಿಗೆ ಹೇಳಬೇಡ.

ಗುರುವಾರ, ಆ ರುಜುವಿನ ನಿಯಮವನ್ನೇ ತೆಗೆಯಬೇಕೆಂಬ ನನ್ನ ಗೊತ್ತುವಳಿ ಬರುತ್ತದೆ. ಔಷಧಿ ಅಂಗಡಿಯ ಫ್ರೆಂಚ್ ಮುದುಕನೂ ನಮ್ಮ ಕಡೆ ಇದ್ದಾನೆ. ತಂದವನು ಹಾಜರಿಲ್ಲದಿದ್ದರೆ ಗೊತ್ತುವಳಿ ಬಿದ್ದುಹೋಗುತ್ತದೆ. ಸಭೆ ಒಪ್ಪಿದರೂ ಅದಕ್ಕೆ ಮತ್ತೆ ಆ ಅಧಿಕಾರಿಯದೇ ರುಜು ಬೇಕು. ಗೊತ್ತು. ಆದರೂ ಆ ರುಜು ಬೇಡವೆಂದು ಒಮ್ಮೆ ಆ ಕೋಣೆಯಲ್ಲಿ ಯಾರಾದರೂ ಹೇಳಬೇಕಲ್ಲ.

ನೆಫೀಸಾಳ ಬಟ್ಟೆ ಒಯ್ಯಲು ಗುರುವಾರ ಬರುತ್ತೇನೆಂದು ನೀನು ಹೇಳಿಕಳಿಸಿದ್ದೆ. ಬರಬೇಡ. ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ, ಕಾಲಿಡಲು ಜಾಗವಿಲ್ಲ. ಬಟ್ಟೆಯನ್ನು ನಾನೇ ಕಳಿಸುತ್ತೇನೆ.

ನಿನ್ನವನು ಎಂದು ಬರೆಯಲು ಇನ್ನೂ ಹಕ್ಕಿದ್ದರೆ, ನಿನ್ನವನು,
ಶಾಜ್ಲಿ

ತಾ.ಕ.: ಸುಣ್ಣದ ಮಾತು ಸುಳ್ಳು. ಬೆಳಿಗ್ಗೆ ತಾಹರ್ ಬಂದಿದ್ದ. ಹೊಸ್ತಿಲು ದಾಟಲಿಲ್ಲ. "ಭಾವಾ, ಗುರುವಾರ ಮನೇಲೇ ಇದ್ಬಿಡಿ. ಜ್ವರ ಅನ್ನಿ, ಏನಾದ್ರೂ ಅನ್ನಿ. ಪಿಸ್ತೂಲು ಹಿಡಿದ ನಮ್ಮ ಹುಡುಗ್ರು ಈಗ ನನ್ನ ಮಾತೂ ಕೇಳ್ತಿಲ್ಲ," ಎಂದ. ನಾನು ಸಭೆಗೆ ಹೋಗುತ್ತೇನೆ, ಬೇಯಾ. ಆದರೆ ಪಕ್ಷದ ಗುಟ್ಟನ್ನು ಎದುರಾಳಿಯ ಬಾಗಿಲಿಗೆ ತಾನಾಗಿ ತಂದು ಹಾಕುವವನಲ್ಲ ನಿಮ್ಮಣ್ಣ. ಅವನನ್ನು ಕಳಿಸಿದ್ದು ನೀನೇ ತಾನೆ?