ಸ್ಫಾಕ್ಸಿಗೆ ಹೋಗಿಬಂದ ದೊಡ್ಡಮ್ಮ

ಅಲೆಕ್ಸಾಂಡ್ರಿಯ,
ನವೆಂಬರ್ ೨೩, ಶನಿವಾರ

ಸ್ಫಾಕ್ಸ್ ನಗರದ ಔಷಧಿ ಅಂಗಡಿಯ ಒಡೆಯನೂ, ಬೆಳಕಿನ ಲೆಕ್ಕಾಚಾರದಲ್ಲಿ ಇಡೀ ಟ್ಯುನೀಸಿಯಕ್ಕೆ ತಾನೇ ಗುರುವೆಂದು ನಂಬಿರುವವನೂ ಆದ ನನ್ನ ಪ್ರೀತಿಯ ಶಾದ್ಲಿಗೆ,

ಇಜ್ಲಾಲಳ ಸಲಾಮುಗಳು. ನೀನು ಕ್ಷೇಮವೆಂದು ಭಾವಿಸಿದ್ದೇನೆ. ಅಲ್ಲವಾದರೆ ಮುಂದೆ ಓದುವ ಮೊದಲು ನಿನ್ನದೇ ಅಂಗಡಿಯಿಂದ ಏನಾದರೊಂದು ಗುಳಿಗೆ ನುಂಗಿ ಕುರ್ಚಿಯಲ್ಲಿ ಕೂತುಕೋ.

ಲಕೋಟೆಯನ್ನು ಬುಡಮೇಲು ಮಾಡಿ ಕೊಡವುತ್ತಿದ್ದೀಯ, ನನಗೆ ಗೊತ್ತು. ಕೊಡವಬೇಡ. ನಮ್ಮ ಜೋಡಿ ರೀಲಿನ ಚಿತ್ರಗಳು ಅದರಲ್ಲಿ ಇಲ್ಲ. ಐದು ವರ್ಷದಿಂದ ತಪ್ಪದೆ ನಡೆದ ಆಟ ನಮ್ಮದು: ನಾನು ಇಲ್ಲಿ ಮೂವತ್ತಾರು ಚಿತ್ರ ತೆಗೆದು, ರೀಲನ್ನು ಹಿಂದಕ್ಕೆ ಸುತ್ತಿ ನಿನಗೆ ಅಂಚೆಗೆ ಹಾಕುವುದು, ನೀನು ಅದೇ ರೀಲಿನ ಮೇಲೆ ಇನ್ನೂ ಮೂವತ್ತಾರು ತೆಗೆದು ಕಳಿಸುವುದು, ನಾನು ತೊಳೆದು ನೋಡಿದರೆ ನಮ್ಮ ಟ್ರಾಮಿನ ನೆತ್ತಿಯ ಮೇಲೆ ನಿಮ್ಮ ದೋಣಿ ಕೂತಿರುವುದು. ಫೋನಿನಲ್ಲಿ ಒಂದು ಬೆರಳು ಒತ್ತಿ ಮುಗಿಸುವ ಕೆಲಸಕ್ಕೆ ಎರಡು ದೇಶದ ಅಂಚೆಯನ್ನು ದುಡಿಸುವ ನಮ್ಮನ್ನು ಕಂಡು ಜನ ನಗುತ್ತಾರೆ. ನಗಲಿ. ಈ ಸಲ ಮಾತ್ರ ಅವರು ನಕ್ಕದ್ದು ಸರಿಯಾಗಿಯೇ ಇತ್ತು.

ವಿಷಯ ದೊಡ್ಡಮ್ಮನದು. ನನ್ನ ತಾಯಿಯ ಅಕ್ಕ ಇನ್ಶಿರಾಹಳನ್ನು ನೀನು ನೋಡಿಲ್ಲ, ನೋಡಿದ್ದರೆ ಹೆದರಿರುತ್ತಿದ್ದೆ. ರಮ್ಲ್ ನಿಲ್ದಾಣದ ಹಿಂದಿನ ಸ್ಟುಡಿಯೊದಲ್ಲಿ ಐವತ್ತು ವರ್ಷ ನೆಗೆಟಿವ್ ತಿದ್ದುವ ಮೇಜಿನ ಮುಂದೆ ಕೂತು, ಒಂದು ಪೆನ್ಸಿಲು ಮತ್ತು ಒಂದು ಸಣ್ಣ ಚೂರಿಯಿಂದ ಈ ಊರಿನ ಅರ್ಧ ಜನರ ನರಹುಲಿಗಳನ್ನೂ ಎರಡನೇ ಗದ್ದಗಳನ್ನೂ ತೆಗೆದುಹಾಕಿದವಳು. ಯಾರಾದರೂ ತೀರಿಕೊಂಡ ಮರುದಿನ ಮನೆಯವರು ಬಸ್ ಪಾಸಿನ ಫೋಟೋ ಹಿಡಿದುಕೊಂಡು ಓಡಿಬರುತ್ತಿದ್ದರಂತೆ: ದೊಡ್ಡದು ಮಾಡಿ, ಗೋಡೆಗೆ ಹಾಕಬೇಕು. ಪೊಲೀಸರು ಹಿಡಿದು ತಂದವರ ಹಾಗೆ ಕಾಣುವ ಆ ಮುಖಗಳಿಗೆ ಗೌರವ ತುಂಬಿಸಿ ತುಂಬಿಸಿ ಅವಳ ಕಣ್ಣು ಸೋತಿತ್ತು. ಹಾಗಾಗಿ ಹೃದಯದ ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾದ ಸಂಜೆ ನನ್ನನ್ನು ಕರೆಸಿ ಅಂದಳು:

"ಇಜ್ಲಾಲ್, ಕಪ್ಪು ರಿಬ್ಬನ್ ಹಾಕೋ ಫೋಟೋ ನಾನೇ ಆರಿಸ್ತೀನಿ. ನಿಮ್ಮ ಕೈಗೆ ಬಿಟ್ರೆ ಯಾವ್ದೋ ಮದ್ವೇಲಿ ಮಟನ್ ಅಗೀತಿರೋದನ್ನ ಕತ್ತರಿಸಿ ಅಂಟಿಸ್ತೀರ. ನಿನ್ನ ಡಬ್ಬ ತಗೊಂಡ್ ಬಾ. ಒಂದೇ ಸಲ ಕೂರ್ತೀನಿ. ಎರಡನೇ ಸಲ ಅನ್ನೋ ಮಾತೇ ಇಲ್ಲ."

ಕೂತಳು. ಅರವತ್ತು ವರ್ಷದಿಂದ ಯಾವ ಕ್ಯಾಮೆರಾದ ಮುಂದೆಯೂ ಕೂರದವಳು ಬೂದು ರೇಷ್ಮೆಯ ಅಂಗಿ ತೊಟ್ಟು, ಕೂದಲು ಸುರುಳಿ ಮಾಡಿಸಿಕೊಂಡು, ಬಾಲ್ಕನಿಯ ಬಾಗಿಲ ಪಕ್ಕ ಕೂತಳು. ಮೂವತ್ತಾರು ಚಿತ್ರ. ಪ್ರತಿಯೊಂದಕ್ಕೂ ಬೈಗುಳ ಸೇರಿ: "ಬೆಳಕು ಎಡಕ್ಕಿದೆ, ನೀನ್ಯಾಕೆ ಬಲಕ್ಕೆ ಕುಣೀತಿದೀಯ?" "ಉಸಿರು ಬಿಟ್ಟು ಒತ್ತೇ, ಕತ್ತೆ."

ಈಗ ತಪ್ಪೊಪ್ಪಿಗೆ. ಆ ರೀಲನ್ನು ನಾನು ಫ್ರಿಜ್ಜಿನ ಬಾಗಿಲಲ್ಲಿ, ಮೂಲಂಗಿ ಉಪ್ಪಿನಕಾಯಿಯ ಪಕ್ಕ ಇಟ್ಟೆ. ಅಲ್ಲೇ ನಿನಗೆ ಕಳಿಸಬೇಕಾದ ರೀಲೂ ಇತ್ತು. ಎರಡೂ ಒಂದೇ ಜಾತಿ, ಎರಡಕ್ಕೂ ಫಿಲ್ಮಿನ ನಾಲಗೆ ಹೊರಚಾಚಿತ್ತು. ಹೆಸರು ಬರೆದ ಚೀಟಿ ಅಂಟಿಸು ಎಂದು ನಮ್ಮ ಫೋಟೋ ಕೂಟದ ಉಸ್ತಾದ್ ವಗ್ದಿ ಇಪ್ಪತ್ತು ಸಲ ಹೇಳಿದ್ದರು. ಭೂಗೋಳದ ಟೀಚರು ನಾನು. ಮಕ್ಕಳಿಗೆ ಜಗತ್ತಿನ ನದಿಗಳನ್ನೆಲ್ಲ ಗುರುತಿಸಲು ಕಲಿಸುತ್ತೇನೆ, ಫ್ರಿಜ್ಜಿನ ಎರಡು ಡಬ್ಬಿ ಗುರುತಿಸಲು ಚೀಟಿ ಯಾಕೆ ಎಂದು ಜಂಬ ಕೊಚ್ಚಿದ್ದೆ. ಮರುದಿನ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ನಿನಗೆ ಅಂಚೆಗೆ ಹಾಕಿದೆ.

ಶಾಲೆಯ ಪರೀಕ್ಷೆಗಳ ಗಲಾಟೆಯಲ್ಲಿ ಎರಡು ವಾರ ಕಳೆದು, ಸ್ನಾನದ ಮನೆಯಲ್ಲಿ ದೊಡ್ಡಮ್ಮನನ್ನು ತೊಳೆಯಲು ಕೂತೆ. ತೊಳೆದು ಎತ್ತಿ ಹಿಡಿದರೆ ಟ್ರಾಮಿನ ತಂತಿ. ಬೆಕ್ಕು. ಮೀನು ಬಲೆ. ಮತ್ತೆ ಬೆಕ್ಕು. ಮೂವತ್ತಾರರಲ್ಲಿ ಎಲ್ಲೂ ದೊಡ್ಡಮ್ಮ ಇಲ್ಲ. ಅವಳು ಸ್ಫಾಕ್ಸಿಗೆ ಹೋಗಿದ್ದಳು.

ನಿನಗೆ ನೆನಪಿರಬಹುದು, ಅದೇ ಮಧ್ಯಾಹ್ನ ನಾನು ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ನೀನು ಕೂಗಿದೆ: "ಇಜ್ಲಾಲ್! ನಿನ್ನೇನೇ ಅಂಚೆಗೆ ಹಾಕ್ದೆ ನೋಡು! ಮೂವತ್ತಾರೂ ಮುಗೀತು. ಈ ಸಲದ್ದು ನೋಡಿದ್ರೆ ನೀನು ಅಳ್ತೀಯ!" ನಾನು ನಿನ್ನನ್ನು ಅಭಿನಂದಿಸಿದೆ. ಫೋನ್ ಇಟ್ಟೆ. ನೋಡದೆಯೇ ಅತ್ತೆ.

ದೊಡ್ಡಮ್ಮನಿಗೆ ಹೇಳುವಂತಿರಲಿಲ್ಲ, ಆಪರೇಷನ್ ಆಗುವವರೆಗೆ ಉದ್ವೇಗವೇ ಕೂಡದೆಂದು ಡಾಕ್ಟರ ಅಪ್ಪಣೆ. ಇನ್ನೊಮ್ಮೆ ಕೂರು ಎನ್ನುವಂತೆಯೂ ಇರಲಿಲ್ಲ. ಅಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿಕೊಂಡು ಹಸಿರು ಅಂಗಿ ತೊಡಿಸಿ ಮೂಗಿಗೆ ನಳಿಕೆ ಇಟ್ಟಿದ್ದರು. ದಿನಾ ಹೋದಾಗಲೂ ಒಂದೇ ಪ್ರಶ್ನೆ: "ತಂದ್ಯಾ?" ದಿನಾ ಏನೋ ಒಂದು ಹೇಳಿ ಬರುತ್ತಿದ್ದೆ. ಅವಳಿಗೆ ಚಾಕುವಿನ ಭಯವಿರಲಿಲ್ಲ, ಶಾದ್ಲಿ. ಬಸ್ ಪಾಸಿನ ಭಯವಿತ್ತು.

ಶುಕ್ರವಾರ ಅತ್ತಾರೀನ್ ಪೇಟೆಯ ಕಾಫಿ ಅಂಗಡಿಯಲ್ಲಿ ಕೂಟ ಸೇರಿತು. ಎಲ್ಲರೂ ತಮ್ಮ ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿ ಕಾಫಿಲೋಟಗಳನ್ನು ಕುರ್ಚಿಗಳ ಮೇಲಿಟ್ಟು ತಾವು ನಿಂತಿದ್ದರು, ಎಂದಿನಂತೆ. ನಾನು ವಿಷಯ ಬಿಚ್ಚಿದೆ. ಉಸ್ತಾದ್ ವಗ್ದಿ ಭೂತಕನ್ನಡಿಯನ್ನು ಜೇಬಿಗಿಳಿಸಿದರು. ಯಾರ ಸಾವಿಗೂ ಅವರು ಅದನ್ನು ಇಳಿಸಿದ್ದು ನಾನು ಕಂಡಿಲ್ಲ.

"ಶಾದ್ಲಿ ಏನೇನು ತೆಗ್ದಿದಾನಂತೆ?" ಎಂದರು.

ನೀನು ಕಳಿಸಿದ್ದ ಪಟ್ಟಿಯನ್ನು ಫೋನಿನಿಂದ ಓದಿದೆ. ಏಳನೆಯದು: ಕೋಟೆಗೋಡೆಯ ಕೆಳಗೆ ಮೀನಿನವನು, ಬೆಳಕು ಜೇನಿನಂತೆ. ಹನ್ನೆರಡು: ಅಕ್ಟೋಪಸ್ ಒಣಹಾಕಿರುವ ಹಗ್ಗ. ಹತ್ತೊಂಬತ್ತು: ಆಲಿವ್ ಮಾರುವ ಮುದುಕಿ, ನನ್ನ ಜೀವಮಾನದ ಚಿತ್ರ.

"ಹಾಗಾದ್ರೆ ಇನ್ಶಿರಾಹ್ ಹಾನಂ ಅವರ ಮುಖದ ಮೇಲೆ ಅಕ್ಟೋಪಸ್ಸು," ಎಂದರು ವಗ್ದಿ, ತೀರ್ಪು ಓದುವ ದನಿಯಲ್ಲಿ.

"ಬೇರೆ ಬೇರೆ ಮಾಡೋಕೆ ಏನೂ ದಾರಿ ಇಲ್ವಾ ಉಸ್ತಾದ್?"

"ಮೊಟ್ಟೆ ಕದಡಿದ ಮೇಲೆ ಹಳದೀನ ವಾಪಸ್ ತೆಗೀತೀಯೇನಮ್ಮ? ಅಳೋದಾದ್ರೆ ಅಳು. ಆದ್ರೆ ತೊಳೆಯೋವಾಗ ಡೆವಲಪರ್ ಇಪ್ಪತ್ತು ಡಿಗ್ರೀಲೇ ಇರ್ಲಿ."

ನಿನ್ನ ಪೊಟ್ಟಣ ಮಂಗಳವಾರ ಬಂತು. ಗುರುವಾರ ಆಪರೇಷನ್. ಶಾಲೆಗೆ ರಜೆ ಹಾಕಿ, ಸ್ನಾನದ ಮನೆಯ ಕಿಟಕಿಗೆ ಕರಿ ಕಂಬಳಿ ಹೊಡೆದು ಕೂತೆ. ಇಪ್ಪತ್ತು ಡಿಗ್ರಿ, ಉಸ್ತಾದರ ಆಣೆಗೂ. ಡಬ್ಬವನ್ನು ಮೇಲೆ ಕೆಳಗೆ ಮಾಡುತ್ತ ದೇವರಿಗೆ ನಾನಿಟ್ಟ ಬೇಡಿಕೆ ತೀರ ಸಣ್ಣದು: ಮೂವತ್ತಾರರಲ್ಲಿ ಒಂದರಲ್ಲಾದರೂ ಶಾದ್ಲಿ ಬರೀ ಖಾಲಿ ಆಕಾಶ ತೆಗೆದಿರಲಿ, ದೊಡ್ಡಮ್ಮ ಮೋಡದಲ್ಲಿ ಕೂತ ಹಾಗೆ ಕಂಡರೂ ಪರವಾಗಿಲ್ಲ, ಸಂದರ್ಭಕ್ಕೆ ಒಪ್ಪುತ್ತದೆ.

ಫಿಲ್ಮನ್ನು ಎಳೆದು ದೀಪಕ್ಕೆ ಹಿಡಿದೆ. ಮೊದಲನೆಯದು ದೊಡ್ಡಮ್ಮ. ಎರಡನೆಯದು ದೊಡ್ಡಮ್ಮ. ಏಳನೆಯದರಲ್ಲಿ ಮೀನಿನವನನ್ನು ಹುಡುಕಿದೆ: ದೊಡ್ಡಮ್ಮ. ಹನ್ನೆರಡು: ಒಂದು ಅಕ್ಟೋಪಸ್ಸಿನ ಕಾಲಾದರೂ ಬೇಡವೇ? ದೊಡ್ಡಮ್ಮ, ಬರೀ ದೊಡ್ಡಮ್ಮ, ರೇಷ್ಮೆಯ ನೆರಿಗೆ ಸಮೇತ. ಹತ್ತೊಂಬತ್ತರಲ್ಲಿ ನಿನ್ನ ಜೀವಮಾನದ ಚಿತ್ರ ಇರಬೇಕಾದ ಜಾಗದಲ್ಲಿ ಅವಳು ನನ್ನನ್ನು ಕತ್ತೆ ಎನ್ನುತ್ತಿದ್ದಳು. ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಎಷ್ಟೋ ದಿನದ ಮೇಲೆ ಎದೆ ತುಂಬ ಉಸಿರೆಳೆದುಕೊಂಡೆ.

ಆಮೇಲೆ, ನಿಧಾನವಾಗಿ, ನನಗೆ ನಿನ್ನ ಕ್ಯಾಮೆರಾ ಕಣ್ಣೆದುರು ಬಂತು. ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ ಇರುವ ಆ ನಿನ್ನ ಸುಂದರ ಯಂತ್ರ. ಕಿಂಡಿಯಲ್ಲಿ ಜಗತ್ತೆಲ್ಲ ಜೇನಿನಂತೆ ಕಾಣುತ್ತಲೇ ಇರುತ್ತದೆ, ಲೆನ್ಸಿನ ಮೇಲೆ ಮುಚ್ಚಳ ಗಟ್ಟಿಯಾಗಿ ಕೂತಿದ್ದರೂ.

ಮೂವತ್ತಾರು ಸಲ, ಶಾದ್ಲಿ! ಒಬ್ಬ ಮನುಷ್ಯ ಬೆಳಕು ಅಳೆದು, ದೂರ ಅಳೆದು, ಉಸಿರು ಬಿಗಿಹಿಡಿದು, ಪುಸ್ತಕದಲ್ಲಿ ಬರೆದುಕೊಂಡು, ಮೂವತ್ತಾರು ಸಲ ಮುಚ್ಚಳದ ಒಳಭಾಗದ ಚಿತ್ರ ತೆಗೆದಿದ್ದಾನೆ. ನಿನ್ನ ಮೀನಿನವನಿಗೂ ಮುದುಕಿಗೂ ನನ್ನ ಸಂತಾಪಗಳು. ಆದರೆ ನಿನ್ನ ಕೈ ಸಿಕ್ಕಿದ್ದರೆ ಅವತ್ತು ಅದನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ.

ಬುಧವಾರ ಎಲ್ಲ ಚಿತ್ರಗಳ ಸಣ್ಣ ಪ್ರಿಂಟನ್ನು ಆಸ್ಪತ್ರೆಗೆ ಒಯ್ದೆ. ದೊಡ್ಡಮ್ಮ ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದು, ನರ್ಸ್ ಬಂದು ಕರೆದರೂ ಕೇಳದೆ, ಒಂದು ತಾಸು ನೋಡಿದಳು. ಮೂವತ್ತೈದು ಚಿತ್ರಗಳಿಗೆ ಅಡ್ಡಗೆರೆ ಬಿತ್ತು. ಉಳಿದದ್ದು ಇಪ್ಪತ್ತೆರಡನೆಯದು: ಬಾಯಿ ಅರ್ಧ ತೆರೆದಿದೆ, ಒಂದು ಬೆರಳು ನನ್ನ ಕಡೆ ಎದ್ದಿದೆ, ಕಣ್ಣಲ್ಲಿ ನಗು.

"ಇದು. ಒಂದು ಗೆರೆಯನ್ನೂ ತಿದ್ದಬೇಡ. ಗೋಡೆ ಮೇಲಿಂದ್ಲೂ ನಿಮ್ಮನ್ನ ಬೈತಾ ಇರ್ತೀನಿ," ಎಂದಳು. ಪ್ರಿಂಟಿನ ಹಿಂದೆ ಎಷ್ಟು ದೊಡ್ಡದು ಮಾಡಬೇಕೆಂದು ಅಳತೆ ಬರೆದುಕೊಟ್ಟು, ಮಗ್ಗುಲಾಗಿ, ಮಗುವಿನ ಹಾಗೆ ನಿದ್ದೆ ಹೋದಳು.

ಗುರುವಾರ ಐದು ತಾಸು ಆಯಿತು. ಆಚೆ ಬಂದ ಡಾಕ್ಟರು ಮುಖಗವುಸು ಇಳಿಸಿದಾಗ ಅವರು ನಗುತ್ತಿದ್ದರು. ಮರುದಿನ ದೊಡ್ಡಮ್ಮ ಕಣ್ಣುಬಿಟ್ಟು ಆಡಿದ ಮೊದಲ ಮಾತು: "ದೊಡ್ಡದು ಮಾಡಿಸಿಬಿಟ್ಯೇನೇ? ನಿಲ್ಸು, ನಿಲ್ಸು. ಈಗ್ಯಾಕೆ ಕಾಗದ ದಂಡ."

ಎರಡು ವಾರ ಆಸ್ಪತ್ರೆಯಲ್ಲೇ ಇದ್ದು ನಿನ್ನೆ ಮನೆಗೆ ಬಂದಳು. ಕೂಟದಲ್ಲಿ ನಿನ್ನ ಮುಚ್ಚಳಕ್ಕೆ ಎಲ್ಲರೂ ಎದ್ದು ನಿಂತು ಗೌರವ ಸಲ್ಲಿಸಿದರು. ಇಪ್ಪತ್ತೆರಡನೆಯದು ಬೆಳಕಿನ ಅಳತೆಯಲ್ಲಿ ಅರ್ಧ ಸ್ಟಾಪ್ ಕತ್ತಲೆ ಎಂದು ಉಸ್ತಾದರು ಗೊಣಗಿದ್ದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಅದರ ಒಂದು ಪ್ರಿಂಟನ್ನು ಇದರೊಳಗೆ ಇಟ್ಟಿದ್ದೇನೆ. ಅರ್ಧ ಶ್ರಮ ನಿನ್ನದು.

ನಿನ್ನ ಋಣ ತೀರಿಸಲಾರದ,
ಇನ್ನು ಚೀಟಿ ಅಂಟಿಸಲಿರುವ,
ಇಜ್ಲಾಲ್

ಮರೆತಿದ್ದೆ: ಆಸ್ಪತ್ರೆಯಲ್ಲಿ ದಿನಾ ಏನೋ ಹೇಳಿ ಬರುತ್ತಿದ್ದೆ ಎಂದೆನಲ್ಲ, ಅದು ಏನೆಂದರೆ, ನಿನ್ನ ಕಾಲು ಮುರಿದಿದೆ ಎಂದು. ಫಿಲ್ಮ್ ತೊಳೆಯುವ ಔಷಧಿ ನೀನೇ ಕಳಿಸಬೇಕು, ಪಾಪ ಮೆಟ್ಟಿಲಿನಿಂದ ಬಿದ್ದಿದ್ದಾನೆ, ಎಡಗಾಲು, ಎರಡು ಕಡೆ. ಇಲ್ಲಿಗೆ ಬಂದಾಗ ಒಂದೆರಡು ದಿನ ಕುಂಟು ಎಂದು ಕೇಳಿಕೊಳ್ಳಬೇಕೆಂದಿದ್ದೆ. ಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಅವಳು ನೆಗೆಟಿವನ್ನು ಕಿಟಕಿಗೆ ಹಿಡಿದು ಅದರ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಕ್ಯಾಮೆರಾಕ್ಕೆ ಸಿಕ್ಕಿಸಿದ ಫಿಲ್ಮಿಗೆ ಒಂದು ಮಡಿಕೆ ಬೀಳುತ್ತದೆ, ಅದರಲ್ಲಿ ಎರಡಿದ್ದವು. ಐವತ್ತು ವರ್ಷದ ಕೈಗೆ ಅಷ್ಟು ಸಾಕು. ಎಲ್ಲ ಬಾಯಿಬಿಡಿಸಿದಳು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವಳು ಎದೆಯ ಹೊಲಿಗೆ ಹಿಡಿದುಕೊಂಡು, ನೋವಾಗದಷ್ಟು ನಕ್ಕು, ಅಂದಳು: "ಆ ಹುಡುಗನ ಕಾಲಿಗೆ ಅಂತ ದಿನಾ ಐದು ಹೊತ್ತಿನ ನಮಾಜಲ್ಲೂ ಕೇಳ್ಕೊಂಡೆ ಕಣೇ. ಅದ್ರಲ್ಲೇ ಮುಳುಗಿ ನನ್ನ ಹೃದಯಕ್ಕೆ ಹೆದರೋದೇ ಮರ್ತುಬಿಟ್ಟಿದ್ದೆ."