ಅಮ್ಮು ಮಾಡಿದ ಅಣಬೆ ಪಲ್ಯ

ಪುತ್ತೂರು, ಆಸ್ಪತ್ರೆಯ ವರಾಂಡ
೧೭ ಜುಲೈ ೨೦೨೫, ಗುರುವಾರ

ಪ್ರೀತಿಯ ಅಮ್ಮುವಿನ ಪಪ್ಪನಿಗೆ,

ಹೇಗಿದ್ದೀರಿ? ದುಬೈಯ ಸೆಕೆಗೆ ತಲೆನೋವು ಮತ್ತೆ ಬಂತೇ? ರಜೆಗೆ ಬಂದಿದ್ದ ನಿಮ್ಮ ಗೆಳೆಯ ನೌಷಾದ್ ಇಂದು ಸಂಜೆ ದುಬೈ ವಿಮಾನ ಹತ್ತುತ್ತಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನಿನಲ್ಲಿ ನಿಮಗೆ ಹೇಳಿದ್ದು ಅರ್ಧ ಮಾತ್ರ. ಅಮ್ಮು ಪಕ್ಕದಲ್ಲೇ ಇರುತ್ತಾಳೆ, ಮೆಸೇಜನ್ನೂ ನನಗಿಂತ ಮೊದಲು ಓದುತ್ತಾಳೆ. ಶಾಲೆಗೆ ಕಳಿಸದೆ ಮನೆಯಲ್ಲೇ ಓದು ಕಲಿಸಿದ್ದಕ್ಕೆ ನನಗೆ ಸಿಕ್ಕ ಬಹುಮಾನ ಅದು.

ಅತ್ತೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ವಾಂತಿ ನಿಂತಿದೆ, ಮಾತಾಡುತ್ತಾರೆ. ಆದರೆ ಅದನ್ನು ನಂಬುವ ಹಾಗಿಲ್ಲವಂತೆ. ಕೆಲವು ಅಣಬೆಯ ವಿಷ ಒಮ್ಮೆ ಸುಮ್ಮನಾಗಿ ಆಮೇಲೆ ಲಿವರಿಗೆ ಇಳಿಯುತ್ತದೆ, ನಾಳೆಯ ರಕ್ತಪರೀಕ್ಷೆ ನೋಡದೆ ಏನೂ ಹೇಳುವುದಿಲ್ಲ ಎಂದರು ಡಾಕ್ಟರು. ನನಗೆ ಹೆದರಿಕೆಯಾಗಿದೆ.

ನಡೆದದ್ದು ಇಷ್ಟು. ಸೋಮವಾರ ನಾನೂ ಅಮ್ಮುವೂ ಇಚಿಲಂಪಾಡಿಯ ಮನೆಯ ಹಿಂದಿನ ಗುಡ್ಡೆಗೆ ಅಣಬೆ ನೋಡಲು ಹೋದೆವು. ಹುತ್ತದ ಮೇಲೆ ಏಳುವುದು ತಿನ್ನುವಂಥದ್ದು, ಉಳಿದದ್ದರ ಚಿತ್ರ ಬಿಡಿಸಿ ಬಿಟ್ಟುಬರುವುದು ಎಂದು ಕಲಿಸಿದೆ. ಅತ್ತೆ ಜಗಲಿಯಲ್ಲಿ ಕೂತು ಪಾಠ ಒಪ್ಪಿಸಿಕೊಂಡರು. ಮೊಣಕಾಲಿನಿಂದಾಗಿ ಈ ಮಳೆಗಾಲ ಅವರು ಅಂಗಳಕ್ಕೂ ಇಳಿದಿಲ್ಲ, ಬಾಯಿಗೆ ಮಾತ್ರ ನೋವಿಲ್ಲ. "ಶಾಲೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಕಲ್ತದ್ದು ಉಂಟಾ ಇಲ್ವಾ ಅಂತ ಗೊತ್ತಾಗುದು ಹೇಗೆ?" ಎಂದು ಎಂದಿನ ರಾಗ. ಆ ಮಾತು ಅಮ್ಮುವಿಗೆ ನಾಟಿತು. ಮರುದಿನ ನಾನು ಕಡಬಕ್ಕೆ ಹೋಗಿದ್ದಾಗ ಒಬ್ಬಳೇ ಗುಡ್ಡೆ ಹತ್ತಿ, ಅಣಬೆ ತಂದು, ಕಾಯಿತುರಿ ಹಾಕಿ ಪಲ್ಯ ಮಾಡಿ ಅಜ್ಜಿಗೆ ಬಡಿಸಿದಳು. ಹುತ್ತದ ಪಕ್ಕದಲ್ಲಿ ಎದ್ದದ್ದೂ ಹುತ್ತದ್ದೇ ಎಂದುಕೊಂಡಳಂತೆ. ಒಂಬತ್ತು ವರ್ಷದ ಮಗು. ತಾನು ತಿನ್ನದೆ ಅಜ್ಜಿಯ ಬಾಯಿಯನ್ನೇ ನೋಡುತ್ತಾ ಕೂತಿದ್ದಳು. ಅತ್ತೆ ಬಟ್ಟಲು ಒರೆಸಿ ತಿಂದು, "ಪಾಸ್" ಎಂದರಂತೆ.

ರಾತ್ರಿ ವಾಂತಿ ಶುರುವಾಯಿತು, ಬೆಳಗ್ಗೆ ಇಲ್ಲಿಗೆ ತಂದೆವು. ನಿಮ್ಮ ಅಣ್ಣ ವರಾಂಡದಲ್ಲೇ ಬೊಬ್ಬೆ ಹಾಕಿದರು. "ಮನೆಯಲ್ಲಿ ಕಲಿಸುದು ಅಂದ್ರೆ ಇದಾ? ಅಮ್ಮನಿಗೆ ಎಂತಾದ್ರೂ ಆದ್ರೆ ಯಾರು ಜವಾಬ್ದಾರಿ?" ನನಗೆ ಸಿಟ್ಟು ಬರಲಿಲ್ಲ, ಅದೇ ಪ್ರಶ್ನೆ ನನ್ನೊಳಗೂ ಇತ್ತು. ಆದರೆ ಅಮ್ಮು ಕೇಳಿಸಿಕೊಂಡಳು. ಆಗಿನಿಂದ ಅವಳು ಒಂದು ತುತ್ತೂ ತಿಂದಿಲ್ಲ. ದೋಸೆ ಕೊಟ್ಟರೆ ಮೂಸಿ ನೋಡಿ ಇಡುತ್ತಾಳೆ. ಶಾಲೆಗೆ ಸೇರಿಸಬೇಕೆಂದರೆ ಸೇರಿಸೋಣ, ನಾನು ಹಟ ಮಾಡುವುದಿಲ್ಲ. ಅತ್ತೆಗೆ ಏನಾದರೂ ಆದರೆ ಈ ಮಗು ಅದನ್ನು ಹೊತ್ತುಕೊಂಡು ಹೇಗೆ ಬದುಕೀತು ಎಂಬುದೇ ನನ್ನ ಚಿಂತೆ.

ರಜೆ ಸಿಕ್ಕಿದರೆ ಬನ್ನಿ. ಸಿಗದಿದ್ದರೆ ಅಲ್ಲಿಂದಲೇ ದೇವರಿಗೆ ಕೈಮುಗಿಯಿರಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಸುಪ್ರಿತಾ

ವಿ.ಸೂ.: ನೌಷಾದರ ಗಾಡಿ ಗೇಟಿನಲ್ಲಿದೆ. ಈಗಷ್ಟೇ ಅತ್ತೆ ಅಮ್ಮುವನ್ನು ಒಳಗೆ ಕರೆಸಿ, ಡಾಕ್ಟರ ಎದುರಿಗೇ ಹೇಳಿದರು: "ಮಗು ತಂದದ್ದು ಸರಿಯೇ ಇತ್ತು. ಅವಳು ನೀರು ತರ್ಲಿಕ್ಕೆ ಹೋದಾಗ, ನಾನು ಗುಡ್ಡೆಯಿಂದ ಕೊಯ್ದು ತಂದದ್ದನ್ನೂ ಪಾತ್ರೆಗೆ ಹಾಕಿದ್ದು. ಕಣ್ಣು ಸರಿ ಕಾಣುದಿಲ್ಲ ಮಾರಾಯ್ರೆ." ಅಮ್ಮು ನಂಬಿದ್ದಾಳೆ. ಹೊರಗೆ ಬಂದು ಎರಡು ಇಡ್ಲಿ ತಿಂದಳು. ನೀವು ಫೋನ್ ಮಾಡುವಾಗ, ಆ ಮೊಣಕಾಲಿನಲ್ಲಿ ಗುಡ್ಡೆ ಹತ್ತಿದ್ದು ಯಾಕೆ ಎಂದು ಅಮ್ಮುವಿಗೆ ಕೇಳಿಸುವ ಹಾಗೆ ನಿಮ್ಮ ಅಮ್ಮನಿಗೆ ಬೈಯಿರಿ. ನಾಳೆ ರಿಪೋರ್ಟ್ ಏನೇ ಬರಲಿ, ಬೈಯಿರಿ.